ಮನೆಗೋ, ಕೆಲಸಕ್ಕೋ?

ನಮ್ಮೂರಿನಲ್ಲಿ ಏನು ಕೊಂಡರೂ ಅಂಗಡಿಯವರು ಬೆಲೆ ಹೇಳುವುದಕ್ಕೆ ಮೊದಲು ಒಂದು ಮಾತು ಕೇಳುತ್ತಾರೆ: "ಮನೆಗೋ, ಕೆಲಸಕ್ಕೋ?" ಕೊಳ್ಳುವವರು ವಸ್ತುವಿನ ಮೇಲೆ ಅಂಗೈಯಿಟ್ಟು ಎರಡರಲ್ಲಿ ಒಂದನ್ನು ಹೇಳಬೇಕು. ಹೇಳಿದರೆ ಮುಗಿಯಿತು, ಬ್ರಹ್ಮ ಬಂದರೂ ಅದು ಬದಲಾಗುವುದಿಲ್ಲ. ಮನೆಗೆ ಎಂದು ಕೊಂಡದ್ದು ಕೊಂಡವರ ಮನೆಯ ಹೊಸ್ತಿಲೊಳಗೆ ಮಾತ್ರ ನಡೆಯುತ್ತದೆ. ಕೆಲಸಕ್ಕೆ ಎಂದು ಕೊಂಡದ್ದು ಅವರ ಮನೆಯೊಂದನ್ನು ಬಿಟ್ಟು ಲೋಕದಲ್ಲಿ ಎಲ್ಲಿ ಬೇಕಾದರೂ ನಡೆಯುತ್ತದೆ. ಯಾಕೆ ಹೀಗೆ ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ನಿಮ್ಮೂರಿನಲ್ಲಿ ನೀರು ಯಾಕೆ ಇಳಿಜಾರಿಗೇ ಹರಿಯುತ್ತದೆ ಎಂದು ನಾನೇನು ಬಂದು ಕೇಳಿದ್ದೇನೆಯೇ?

ಹೊಂದಿಕೊಂಡರೆ ಕಷ್ಟವೇನಿಲ್ಲ. ಕಟಿಂಗ್ ಶಾಪಿನವನು ತನ್ನ ಮಕ್ಕಳನ್ನೂ ಅಂಗಡಿಗೇ ಕರೆತಂದು ಗಿರಾಕಿಗಳ ಸಾಲಿನಲ್ಲಿ ಕೂರಿಸುತ್ತಾನೆ, ಏಕೆಂದರೆ ಅವನ ಕತ್ತರಿ ಅವನ ಮನೆಯಲ್ಲಿ ಒಂದು ಕೂದಲನ್ನೂ ಕತ್ತರಿಸದು. ಹೆಂಡತಿಗೆ ಎದೆನೋವು ಬಂದಾಗ ನಮ್ಮ ಡಾಕ್ಟರು ಆಕೆಯನ್ನು ಎತ್ತಿಕೊಂಡು ರಸ್ತೆ ದಾಟಿ ಕ್ಲಿನಿಕ್ಕಿಗೆ ಓಡಿದ್ದನ್ನು ಇಡೀ ಬೀದಿ ನೋಡಿದೆ. ನಲ್ಲಿ ರಿಪೇರಿಯವನ ಮನೆಯ ನಲ್ಲಿ ಅವರಪ್ಪನ ಕಾಲದಿಂದಲೂ ತೊಟ್ಟಿಕ್ಕುತ್ತಿದೆ. ಮೇಷ್ಟರ ಬೆತ್ತ ಮನೆಯಲ್ಲಿ ಬಾಳೆನಾರಿನ ಹಾಗೆ ಬಳುಕುತ್ತದೆ, ಆದ್ದರಿಂದ ಮೇಷ್ಟರ ಮಕ್ಕಳಷ್ಟು ಪುಂಡರು ಊರಿನಲ್ಲಿ ಇನ್ನೊಬ್ಬರಿಲ್ಲ. ಕಚೇರಿಯ ಗಂಡಸರು ಕಡತ ಹೊತ್ತು ಮನೆಗೆ ತಂದರೆ ಕಚೇರಿಯ ಪೆನ್ನು ಬರೆಯುವುದಿಲ್ಲ. ಅದೊಂದು ಸುಖಕ್ಕೇ ಬೇರೆ ಊರಿನ ಹೆಣ್ಣುಮಕ್ಕಳು ನಮ್ಮೂರಿಗೆ ಸೊಸೆಯಾಗಿ ಬರಲು ತುದಿಗಾಲಲ್ಲಿ ನಿಂತಿರುತ್ತಾರೆ.

ನನ್ನ ಹೆಸರು ಅಂಬುಜಾಕ್ಷಿ, ಊರಿಗೆಲ್ಲ ಅಂಬುಜಕ್ಕ. ಬಸ್ ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಅಂಗಡಿ ಇಟ್ಟಿದ್ದೇನೆ. ನಮ್ಮಪ್ಪ ಅದೇ ಜಾಗದಲ್ಲಿ ರೇಡಿಯೋ ಮಾರುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಅಂಗಡಿಯಿಂದ ಹೋದ ಒಂದೇ ಒಂದು ಯಂತ್ರ ವಾಪಸು ಬಂದಿಲ್ಲ. ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ, ಇದ್ದದ್ದನ್ನು ಹೇಳುವುದಕ್ಕೆ ನನಗೇನು ನಾಚಿಕೆ? ಗಿರಾಕಿ ಮೆಟ್ಟಿಲು ಹತ್ತುವಾಗಲೇ ಇವರದು ಮನೆಯೋ ಕೆಲಸವೋ ಎಂದು ನನಗೆ ಗೊತ್ತಾಗಿಬಿಡುತ್ತದೆ. ಹೋಮ್, ಪ್ರೊಫೆಷನಲ್ ಎಂದು ಎರಡು ಬಗೆಯ ಆಪರೇಟಿಂಗ್ ಸಿಸ್ಟಂ ಮೊದಲ ಸಲ ಬಂದಾಗ, ಕಂಪನಿಯವನೊಬ್ಬ ಟೈ ಕಟ್ಟಿಕೊಂಡು ಬಂದು ನನ್ನ ಅಂಗಡಿಯಲ್ಲಿ ಎರಡು ಗಂಟೆ ಭಾಷಣ ಮಾಡಿದ್ದ. ಹೋಮ್‌ನಲ್ಲಿ ಹಾಡು, ಸಿನಿಮಾ, ಪತ್ರ, ಆಟ ಎಲ್ಲ ಆಗುತ್ತದಂತೆ. ಪ್ರೊಫೆಷನಲ್‌ನಲ್ಲಿ ಅದರ ಜೊತೆಗೆ ಒಳಗಿನ ಕಡತಗಳಿಗೆ ಗಟ್ಟಿ ಬೀಗ, ಇನ್ನೊಂದು ಊರಿನಲ್ಲಿ ಕೂತು ಈ ಯಂತ್ರವನ್ನು ನಡೆಸುವ ಸೌಕರ್ಯ, ಇನ್ನೂ ಏನೇನೋ. ಯಾವುದನ್ನು ಆರಿಸಬೇಕೆಂದು ಜನ ತಲೆ ಕೆಡಿಸಿಕೊಳ್ಳುತ್ತಾರೆ, ಅದಕ್ಕೇ ತಾನು ಊರೂರು ತಿರುಗುತ್ತೇನೆ ಎಂದ. ಮುಂದಿನ ಬೆಂಚಿನಲ್ಲಿ ಕೂತಿದ್ದ ಸೋಡಾ ಅಂಗಡಿಯ ಮುದುಕಪ್ಪ ಎದ್ದು, "ಅಂದ್ರೆ ಒಂದು ಮನೇಗೆ, ಒಂದು ಕೆಲಸಕ್ಕೆ. ಅಷ್ಟೇ ತಾನೆ? ಇದನ್ನ ಹೇಳೋಕೆ ಅಷ್ಟು ದೂರದಿಂದ ಬರ್ಬೇಕಿತ್ತೇನಪ್ಪಾ?" ಎಂದ. ಪಾಪ, ಆ ಹುಡುಗ ಟೈ ಸಡಿಲಿಸಿಕೊಂಡು ಸೋಡಾ ಕುಡಿದು ಹೋದ.

ಕುಮುದಿನಿ ನನ್ನ ಅಂಗಡಿಗೆ ಬಂದದ್ದು ಅದಾಗಿ ಬಹಳ ವರ್ಷಗಳ ಮೇಲೆ. ಅವಳಿಗಾಗ ನಲವತ್ತಾರು. ಮದುವೆಯಾಗಿರಲಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ಹನ್ನೊಂದು ವರ್ಷ ನೋಡಿಕೊಂಡಳು, ತಾಯಿ ಹೋದ ಮೇಲೆ ಅದೇ ಮನೆಯಲ್ಲಿ ಅಣ್ಣ ಜನಾರ್ದನನ ಎರಡು ಹೆಣ್ಣುಮಕ್ಕಳನ್ನು ಬೆಳೆಸಿದಳು. ಜನಾರ್ದನನಿಗೆ ನೀರು ಸರಬರಾಜು ಕಚೇರಿಯಲ್ಲಿ ಕೆಲಸ, ಅವನ ಹೆಂಡತಿ ಸುಲೋಚನಾ ಟೀಚರು. ಇಬ್ಬರೂ ಒಳ್ಳೆಯವರೇ, ಸುಳ್ಳು ಹೇಳಬಾರದು. ಆದರೆ ಆ ಮನೆಯಲ್ಲಿ ಯಾವ ಮಾತು ಬಂದರೂ ಕೊನೆಗೆ ನಿಲ್ಲುತ್ತಿದ್ದದ್ದು ಒಂದೇ ಕಡೆ: "ಕುಮುದ ಇದ್ದಾಳಲ್ಲ." ನೆಂಟರು ಬರುತ್ತಾರೆಯೇ, ಕುಮುದ ಇದ್ದಾಳಲ್ಲ. ಎಲ್ಲರೂ ಟೂರಿಗೆ ಹೊರಟರೆ ಮನೆ ಕಾಯುವವರು ಯಾರು, ಕುಮುದ ಇದ್ದಾಳಲ್ಲ. ಅವಳು ನನ್ನಲ್ಲಿ ಮಧ್ಯಾಹ್ನದ ತರಗತಿಗೆ ಬಂದು ಡಿಟಿಪಿ ಕಲಿತಳು. ಅಕ್ಷರ ಜೋಡಿಸುವುದರಲ್ಲಿ ಅವಳ ಕೈ ಮಲ್ಲಿಗೆ ಕಟ್ಟುವವರ ಕೈಯ ಹಾಗೆ ಚುರುಕು. ಪ್ರೆಸ್ಸಿನ ದಸ್ತಗೀರ್ ಸಾಬರು ಅವಳು ಮಾಡಿದ ಒಂದು ಲಗ್ನಪತ್ರಿಕೆ ನೋಡಿ, "ಅಮ್ಮಾ, ನಿಮ್ಮದೊಂದು ಲ್ಯಾಪ್‌ಟಾಪ್ ತಂದ್ಕೊಂಡ್ರೆ ನಾಳೆಯಿಂದ್ಲೇ ಬನ್ನಿ, ಕಿಟಕಿ ಪಕ್ಕದ ಜಾಗ ನಿಮ್ದು" ಎಂದಿದ್ದರು.

ಲ್ಯಾಪ್‌ಟಾಪ್ ಕೊಳ್ಳಲು ಅಣ್ಣನೂ ಜೊತೆಗೆ ಬಂದ. ನಾನು ಪೆಟ್ಟಿಗೆ ಬಿಚ್ಚಿ ಮೇಜಿನ ಮೇಲಿಟ್ಟು ರೂಢಿಯಂತೆ ಕೇಳಿದೆ. ಅವಳು ಬಾಯಿ ತೆರೆಯುವ ಮೊದಲೇ ಜನಾರ್ದನ ಉತ್ತರ ಕೊಟ್ಟ.

"ಹೋಮೇ ಕೊಡಿ ಅಂಬುಜಕ್ಕ. ಇವಳಿಗೆ ಬೀಗ ಹಾಕಿಡೋ ಅಂಥ ಗುಟ್ಟೇನಿದೆ? ಮಕ್ಕಳಿಗೂ ಆಗುತ್ತೆ, ಸುಲೋಚನಂಗೂ ಆಗುತ್ತೆ. ಪ್ರೆಸ್ಸಿಗೆ ಇನ್ನೆಷ್ಟು ದಿನ ಹೋಗ್ತಾಳೋ ಏನೋ."

"ಕೊಳ್ಳೋಳು ಅವಳು, ಅಂಗೈ ಇಡೋಳು ಅವಳು. ನೀನ್ಯಾಕಪ್ಪ ಮಧ್ಯೆ?" ಎಂದೆ.

ಕುಮುದ ಯಂತ್ರದ ಮೇಲೆ ಅಂಗೈಯಿಟ್ಟಳು. ಬಹಳ ಯೋಚಿಸಿದಂತೇನೂ ಕಾಣಲಿಲ್ಲ. "ಕೆಲಸಕ್ಕೆ," ಎಂದಳು. ನಾನು ಪ್ರೊಫೆಷನಲ್ ಹಾಕಿ ಕೊಟ್ಟೆ. ಸರಿಯಾದ ಆಯ್ಕೆ ಎಂದು ಬೆನ್ನು ತಟ್ಟಿಯೂ ಕಳಿಸಿದೆ. ಪ್ರೆಸ್ಸಿಗೆ ಹೋಗುವವಳು, ಅದರಲ್ಲೇನು ಕೇಳಬೇಕು ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು. ಅವಳ ತಲೆಯಲ್ಲಿ ಏನಿತ್ತು ಎಂದು ಕೇಳಬೇಕಿತ್ತು, ಕೇಳಲಿಲ್ಲ. ಗಿರಾಕಿಯ ಮುಖ ನೋಡಿಯೇ ಎಲ್ಲ ಗೊತ್ತಾಗುತ್ತದೆ ಅಂದೆನಲ್ಲ, ಆ ಜಂಬಕ್ಕೆ ಬಿದ್ದ ಪೆಟ್ಟನ್ನೇ ಈಗ ಹೇಳಹೊರಟಿರುವುದು.

ಪ್ರೆಸ್ಸಿನಲ್ಲಿ ಇಲಿಗಳ ಕಾಟ. ವೈರು ಕಡಿಯುತ್ತವೆ ಎಂದು ಕುಮುದ ಸಂಜೆ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ತರುತ್ತಿದ್ದಳು, ಬೆಳಗ್ಗೆ ಹೊತ್ತೊಯ್ಯುತ್ತಿದ್ದಳು. ಕೆಲಸದ ಯಂತ್ರ, ಮನೆಯಲ್ಲಿ ಹಲಗೆಗೆ ಸಮ, ಆದ್ದರಿಂದ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಮೂರು ತಿಂಗಳು ಹೀಗೇ ನಡೆಯಿತು. ಒಂದು ಭಾನುವಾರ ಬೆಳಗ್ಗೆ ಜನಾರ್ದನ ಫೋನ್ ಮಾಡಿದ. "ಅಂಬುಜಕ್ಕ, ಸ್ವಲ್ಪ ಬೇಗ ಬನ್ನಿ. ಕುಮುದನ ಯಂತ್ರ ಕೆಟ್ಟುಹೋಗಿದೆ. ಇಲ್ಲಿ ಉರೀತಿದೆ!"

ಉರಿಯುತ್ತಿದೆ ಎಂದರೆ ಬೆಂಕಿಯೇ ಬಿತ್ತೇನೋ ಎಂದು ಗಾಬರಿಯಾಗಿ ಓಡಿದೆ. ಹೋಗಿ ನೋಡಿದರೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿದೆ, ಪರದೆ ಬೆಳಗುತ್ತಿದೆ, ಯಾರದೋ ಲಗ್ನಪತ್ರಿಕೆಯ ಗಣಪತಿ ಅದರಲ್ಲಿ ನಗುತ್ತ ಕೂತಿದ್ದಾನೆ. ಸುಲೋಚನಾ ಧೂಳು ಹೊಡೆಯುವಾಗ ಮುಚ್ಚಳ ತೆರೆಯಿತಂತೆ, ಪೊರಕೆಯ ಹಿಡಿ ತಗುಲಿ ಗುಂಡಿ ಒತ್ತಿತಂತೆ, ಅದು ಹೊತ್ತಿಕೊಂಡೇಬಿಟ್ಟಿತಂತೆ. ಆ ಹೆಂಗಸು ಇನ್ನೂ ಪೊರಕೆ ಹಿಡಿದೇ ನಿಂತಿದ್ದಳು. ಹುಡುಗಿಯರಿಬ್ಬರೂ ಬಾಗಿಲಲ್ಲಿ ನಿಂತಿದ್ದರು. ಕುಮುದ ಒಲೆಯ ಮುಂದೆ ದೋಸೆ ತಿರುವುತ್ತಿದ್ದಳು.

ಈಗ ನೋಡಿ ನನ್ನ ಬುದ್ಧಿ. ನನ್ನ ಅಂಗಡಿಯ ಯಂತ್ರ ಕೆಟ್ಟಿದೆ ಎಂದರೆ ನನಗೆ ತಡೆದುಕೊಳ್ಳಲಾಗುವುದಿಲ್ಲ. ಕುರ್ಚಿ ಎಳೆದುಕೊಂಡು ಕೂತೆ. ಬ್ಯಾಟರಿ ನೋಡಿದೆ. ತಳ ಬಿಚ್ಚಿ ಒಳಗೆ ನೋಡಿದೆ. ಆರಿಸಿ ಹೊತ್ತಿಸಿದೆ, ಮೂರು ಸಲ. ಗಡಿಯಾರದ ಹಾಗೆ ನಡೆಯುತ್ತಿತ್ತು. ತಲೆ ಎತ್ತಿ, ಇಡೀ ಮನೆಗೆ ಕೇಳಿಸುವಂತೆ, ದೊಡ್ಡ ಡಾಕ್ಟರ ಗತ್ತಿನಲ್ಲಿ ಹೇಳಿದೆ:

"ಯಂತ್ರದಲ್ಲಿ ಎಳ್ಳಷ್ಟೂ ದೋಷವಿಲ್ಲ. ಬೇಕಾದ್ರೆ ಬರ್ಕೊಡ್ತೀನಿ. ನನ್ನ ಅಂಗಡಿಯಿಂದ ಹೋಗಿದ್ದು ತಪ್ಪು ಮಾಡೋದಿಲ್ಲ."

ಹೇಳಿದೆ. ಹೇಳಿದ ಮೇಲೆ ಏನು ಹೇಳಿದೆನೆಂದು ನನಗೇ ತಿಳಿಯಿತು. ಅಯ್ಯೋ ನನ್ನ ನಾಲಿಗೆಯೇ! ಯಂತ್ರ ಸರಿಯಾಗಿದ್ದರೆ, ಕೆಲಸಕ್ಕೆ ಕೊಂಡದ್ದು ಇಲ್ಲಿ ಹೊತ್ತಿಕೊಂಡಿದೆಯೆಂದರೆ, ಇದು ಕುಮುದಳ ಮನೆಯಲ್ಲ. ಅಷ್ಟೇ. ಅದಕ್ಕೆ ಬೇರೆ ಅರ್ಥವೇ ಇಲ್ಲ. ಒಂದು ಸುಳ್ಳು ಹೇಳಿ, ಇದರ ಯಾವುದೋ ತಂತಿ ಸುಟ್ಟಿದೆ ಎಂದು ಚೀಲಕ್ಕೆ ಹಾಕಿಕೊಂಡು ಬಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಎಲ್ಲರ ಮುಖದಲ್ಲೂ ಅದೇ ಲೆಕ್ಕ ಓಡಿದ್ದು ಕಂಡಿತು. ಸುಲೋಚನಾ ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ಏನ್ ಹೇಳ್ತಿದೀರಿ ಅಂಬುಜಕ್ಕ?" ಜನಾರ್ದನ ಮೇಜಿನ ಹತ್ತಿರ ಬಂದ. "ಅವಳು ಹುಟ್ಟಿದ್ದು ಆ ನಡುಮನೇಲಿ. ಈ ಮನೆ ಅವಳದಲ್ಲ ಅಂತ ನಾವ್ಯಾವತ್ತಾದ್ರೂ ಅಂದಿದೀವಾ? ಕುಮುದ, ನೀನೇ ಹೇಳು, ಅಂದಿದೀವೇನೆ?"

"ಇಲ್ಲ ಅಣ್ಣ. ಯಾರೂ ಅಂದಿಲ್ಲ," ಎಂದಳು ಕುಮುದ. ಅವಳ ದನಿಯಲ್ಲಿ ಬೇಸರವೂ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ.

"ಹಾಗಾದ್ರೆ ಅದನ್ನ ಹೋಮ್ ಮಾಡ್ಕೊಡಿ," ಎಂದು ಅವನು ನನ್ನ ಕಡೆ ತಿರುಗಿದ.

"ಹೋಮಿಂದ ಪ್ರೊಫೆಷನಲ್ಲಿಗೆ ಏರಿಸ್ಬಹುದು ಕಣಪ್ಪ, ಇಳಿಸೋಕೆ ಬರಲ್ಲ. ಒಳಗಿರೋದೆಲ್ಲ ಅಳಿಸಿ ಮೊದಲಿಂದ ಹಾಕ್ಬೇಕು. ಹಾಕಿದ್ರೂ ನಮ್ಮೂರಲ್ಲಿ ಆಗೋ ಕೆಲಸ ಅಲ್ಲ ಅದು, ಅವಳ ಮಾತು ಮೊದಲೇ ಅದರ ಮೇಲೆ ಬಿದ್ದಿದೆ."

"ಏನೂ ಅಳಿಸೋದು ಬೇಡ," ಎಂದಳು ಕುಮುದ. ಕೊನೆಯ ದೋಸೆ ತೆಗೆದು ಒಲೆ ಆರಿಸಿದಳು.

ನಾನು ಮುಖ ಮುಚ್ಚಿಕೊಂಡು ಹೊರಟೆ. ಅವಳು ಗೇಟಿನವರೆಗೂ ಬಂದಳು. ನಾನು ಕ್ಷಮೆ ಕೇಳಿದರೆ ನಕ್ಕುಬಿಟ್ಟಳು. "ನೀವ್ಯಾಕೆ ಅಂಬುಜಕ್ಕ ಕೊರಗ್ತೀರಿ? ನನಗೆ ಇದು ಹನ್ನೆರಡು ವರ್ಷದಿಂದ ಗೊತ್ತು. ಅಮ್ಮ ಹೋದ ಮಾರನೇ ವರ್ಷ ಬಳೆ ಅಂಗಡೀಲಿ ಒಂದು ಬಾಚಣಿಗೆ ತಗೊಂಡೆ. ಬಾಚಣಿಗೆ ಅಲ್ವಾ, ಮನೇಗೆ ಅಂದೆ. ತಂದು ತಲೆಗಿಟ್ರೆ ಹಲ್ಲು ಕೂದಲೊಳಗೆ ಇಳೀಲೇ ಇಲ್ಲ. ಗೋಡೆ ಮೇಲೆ ಎಳೆದ ಹಾಗೆ. ಮೂರು ದಿನ ಬಿಟ್ಟು ಹೋಗಿ ಇನ್ನೊಂದು ತಗೊಂಡೆ, ಕೆಲಸಕ್ಕೆ ಅಂತ. ಅದು ಬಾಚಿತು. ಆವತ್ತಿಂದ ಸೋಪು, ಚಾಪೆ, ಕನ್ನಡಿ, ಏನೇ ತಗೊಂಡ್ರೂ ಕೆಲಸಕ್ಕೇ ಅಂತೀನಿ. ಬಳೆ ಅಂಗಡಿಯವನು ನಾನೆಲ್ಲೋ ಹಾಸ್ಟೆಲ್ ನಡೆಸ್ತೀನಿ ಅಂದ್ಕೊಂಡಿದಾನೆ."

"ಮೊದಲ್ನೇದನ್ನ ಎಸೆದ್ಯಾ?"

"ಇಲ್ಲ. ಟ್ರಂಕಿನಲ್ಲಿದೆ. ಈ ಯಂತ್ರವನ್ನೂ ಹೋಮ್ ಅಂತ ತಗೊಂಡಿದ್ರೆ ಇವತ್ತು ಎಲ್ಲೂ ಓಡ್ತಿರ್ಲಿಲ್ಲ ಅಂಬುಜಕ್ಕ. ಪ್ರೆಸ್ಸಲ್ಲೂ ಇಲ್ಲ, ಇಲ್ಲೂ ಇಲ್ಲ."

ಇಪ್ಪತ್ತೆರಡು ವರ್ಷ ಈ ಎರಡು ಪದಗಳನ್ನು ಮಾರಿಕೊಂಡು ಬದುಕಿದವಳು ನಾನು. ಮನೆಗೆ ಬಂದು ಅತ್ತುಬಿಟ್ಟೆ.

ಆಮೇಲೆ ಆ ಮನೆಯವರು ಪಟ್ಟ ಪಾಡನ್ನು ನೋಡಿದರೆ ಕಲ್ಲೂ ಕರಗಬೇಕು. ಸುಲೋಚನಾ ಅಡುಗೆಮನೆಗೆ ತಾನೇ ಇಳಿದಳು, ನಾದಿನಿಗೆ ಮೊದಲು ಬಡಿಸಿದಳು. ಕಿಟಕಿಯಿದ್ದ ಕೋಣೆಯನ್ನು ಹುಡುಗಿಯರು ಅತ್ತೆಗೆ ಬಿಟ್ಟುಕೊಟ್ಟರು. ಜನಾರ್ದನ ಗೇಟಿನ ಫಲಕದಲ್ಲಿ ತನ್ನ ಹೆಸರಿನ ಕೆಳಗೆ ತಂಗಿಯ ಹೆಸರನ್ನೂ ಬರೆಸಿದ. ಪ್ರತಿ ಭಾನುವಾರ ತಿಂಡಿಯಾದ ಮೇಲೆ ಎಲ್ಲರೂ ಮೇಜಿನ ಸುತ್ತ ನಿಲ್ಲುವುದು, ಕುಮುದ ಗುಂಡಿ ಒತ್ತುವುದು, ಇವತ್ತಾದರೂ ಹೊತ್ತಿಕೊಳ್ಳದಿರಲಿ ದೇವರೇ ಎಂದು ಸುಲೋಚನಾ ಕಣ್ಣು ಮುಚ್ಚುವುದು. ಪರದೆ ಟಣ್ ಎಂದು ಬೆಳಗುವುದು. ಉಪಚಾರಕ್ಕೆ ಬಗ್ಗುವ ಜಾತಿಯದಲ್ಲ ಅದು. ಎಂಟು ಭಾನುವಾರ ಹೀಗಾಯಿತು. ಎಂಟನೆಯ ಭಾನುವಾರ ಸುಲೋಚನಾ ಅತ್ತದ್ದನ್ನು ನೋಡಿ ಕುಮುದಳೇ ಅವಳನ್ನು ಸಮಾಧಾನ ಮಾಡಬೇಕಾಯಿತಂತೆ. ಅಂದರೆ ಅಲ್ಲೂ ಒಂದು ಕೆಲಸ!

"ನೀವೆಲ್ಲ ನನಗೋಸ್ಕರ ಪರೀಕ್ಷೆ ಬರೆಯೋದು ಸಾಕು ಅತ್ತಿಗೆ," ಎಂದು ಅವಳು ಆವತ್ತೇ ಹೇಳಿದಳಂತೆ. ತರಕಾರಿ ಮಾರ್ಕೆಟ್ಟಿನ ಹಿಂದೆ, ಮಹಡಿಯ ಮೇಲೆ ಒಂದು ಕೋಣೆ, ಒಂದು ಒಲೆಕಟ್ಟೆ, ಬಟ್ಟೆ ಒಣಗಿಸಲು ನಾಲ್ಕು ಮೊಳ ಜಾಗ. ಬಾಡಿಗೆಗೆ ಹಿಡಿದಳು. ಜಗಳವಿಲ್ಲ, ಕದನವಿಲ್ಲ. ಟ್ರಂಕನ್ನು ಜನಾರ್ದನನೇ ಹೊತ್ತು ಮೆಟ್ಟಿಲು ಹತ್ತಿದ. ಇಳಿಯುವಾಗ ಮಾತ್ರ ಗೋಡೆ ಹಿಡಿದುಕೊಂಡು ಇಳಿದ ಎಂದು ಕೆಳಗಿನ ಈರುಳ್ಳಿ ಅಂಗಡಿಯವಳು ನನಗೆ ಹೇಳಿದಳು.

ಆ ಕೋಣೆಯಲ್ಲೂ ಲ್ಯಾಪ್‌ಟಾಪ್ ನಡೆಯುತ್ತಿತ್ತು. ಬಾಡಿಗೆ ಕೋಣೆ ತಾನೆ, ಇನ್ನೇನು. ಮದುವೆಯ ಕಾಲ ಬಂದು ಪ್ರೆಸ್ಸಿನಲ್ಲಿ ಉಸಿರಾಡಲು ಬಿಡುವಿಲ್ಲದಾಗ, ಅವಳು ಸಂಜೆಯೂ ಕೂತು ಲಗ್ನಪತ್ರಿಕೆಗಳನ್ನು ಜೋಡಿಸುತ್ತಿದ್ದಳು. ನಾನು ಆಗಾಗ ಹೋಗಿ ಕಾಫಿ ಕುಡಿದು ಬರುತ್ತಿದ್ದೆ. ಜನಾರ್ದನ ಭಾನುವಾರ ತಪ್ಪದೆ ಊಟದ ಕ್ಯಾರಿಯರ್ ಹಿಡಿದು ಬರುತ್ತಿದ್ದ. ಬಂದವನು ಮೊದಲು ಮೇಜಿನ ಕಡೆ ನೋಡುತ್ತಿದ್ದ, ಪರದೆ ಬೆಳಗುತ್ತಿದ್ದರೆ ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದ. ತಂಗಿಗೆ ಎಲ್ಲೂ ಮನೆಯೇ ಇಲ್ಲವಾಯಿತೇ, ತಾನೇ ಅವಳ ಮನೆ ಕಳೆದೆನೇ ಎಂಬ ಸಂಕಟ ಅವನನ್ನು ತಿನ್ನುತ್ತಿತ್ತು. ಒಂದು ಸಲ ನನ್ನ ಅಂಗಡಿಗೆ ಬಂದು ಅದನ್ನು ಬಾಯಿಬಿಟ್ಟು ಹೇಳಿಯೂ ಹೇಳಿದ. "ನಲವತ್ತಾರು ವರ್ಷ ಒಂದೇ ಸೂರಿನ ಕೆಳಗಿದ್ವಿ ಅಂಬುಜಕ್ಕ. ಅವಳು ಬಾಚಣಿಗೆ ಬದಲಾಯಿಸಿದ್ದು ಈಗ ಅವಳೇ ಹೇಳೋ ತನಕ ನನಗೆ ಗೊತ್ತಾಗ್ಲಿಲ್ಲ ನೋಡಿ." ನಾನು ಅವನಿಗೆ ಸೋಡಾ ತರಿಸಿಕೊಟ್ಟೆ. ಇನ್ನೇನು ಕೊಡಲಿ?

ಮಾಘ ಮಾಸದ ಒಂದು ಭಾನುವಾರ ಸಂಜೆ ಐದೂವರೆಗೆ ಕುಮುದಳ ಫೋನು. ಅಷ್ಟು ಸಿಟ್ಟಿನಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಏನ್ರೀ ಅಂಬುಜಕ್ಕ ನಿಮ್ಮ ಯಂತ್ರ! ನಾಳೆ ಬೆಳಗ್ಗೆ ಎಂಟಕ್ಕೆ ಪತ್ರಿಕೆ ಅಚ್ಚಿಗೆ ಹೋಗ್ಬೇಕು, ಇದು ಹೆಣದ ಹಾಗೆ ಬಿದ್ಕೊಂಡಿದೆ. ವಾಪಸು ತಗೊಂಡ್ಹೋಗಿ!"

ವಾಪಸು! ಇಪ್ಪತ್ತೆರಡು ವರ್ಷದಲ್ಲಿ ಆ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಸ್ಕ್ರೂಡ್ರೈವರ್ ಚೀಲ ಎತ್ತಿಕೊಂಡು ಓಡಿದೆ. ಜನಾರ್ದನ ಆಗಲೇ ಬಂದಿದ್ದ, ಕ್ಯಾರಿಯರ್ ಇನ್ನೂ ಬಿಚ್ಚಿರಲಿಲ್ಲ. ಪರದೆ ಕಪ್ಪಾಗಿತ್ತು. ನಾನು ಬ್ಯಾಟರಿ ನೋಡಿದೆ, ತುಂಬಿತ್ತು. ವೈರು ನೋಡಿದೆ, ಸರಿಯಿತ್ತು. ತಳ ಬಿಚ್ಚಿದೆ, ಹೊಸದರ ಹಾಗೆ ಹೊಳೆಯುತ್ತಿತ್ತು. ಒಂದು ಸಲ ಮುಗ್ಗರಿಸಿದವಳು ನಾನು, ಈ ಸಲ ನಾಲಿಗೆಯನ್ನು ಹಲ್ಲಿನ ಹಿಂದೆ ಇಟ್ಟುಕೊಂಡೆ. ಮೊದಲು ಅವಳನ್ನು ಕೇಳಿದೆ.

"ಬೆಳಗ್ಗೆ ನಡೀತಿತ್ತಾ?"

"ಹನ್ನೆರಡರ ತನಕ ಚೆನ್ನಾಗೇ ಇತ್ತು."

"ಆಮೇಲೆ ಏನು ಮಾಡ್ದೆ?"

"ಏನ್ ಮಾಡ್ಲಿ? ಹುರುಳೀಕಾಳಿನ ಸಾರು ಮಾಡ್ಕೊಂಡೆ, ನನಗೊಬ್ಬಳಿಗೇ. ಬಿಸಿಬಿಸಿಯಾಗಿ ಉಂಡೆ. ಹಾಗೇ ನೆಲದ ಮೇಲೆ ಒರಗಿದ್ದು, ನಿದ್ದೆ ಬಂದ್ಬಿಡ್ತು." ಅವಳು ಏನೋ ತಪ್ಪು ಮಾಡಿದವಳ ಹಾಗೆ ಅಣ್ಣನ ಕಡೆ ನೋಡಿದಳು. "ನಾನು ಯಾವತ್ತೂ ಹಗಲು ಮಲಗಿದೋಳಲ್ಲ. ಎದ್ದಾಗ ಐದು ಗಂಟೆ. ತಟ್ಟೆ ಕೂಡ ತೊಳ್ದಿರ್ಲಿಲ್ಲ. ಯಾರೂ ಎಬ್ಬಿಸ್ಲಿಲ್ಲ."

ತಟ್ಟೆ ಇನ್ನೂ ಅಲ್ಲೇ ಇತ್ತು, ಸಾರು ಅಂಚಿನಲ್ಲಿ ಒಣಗಿತ್ತು. ಯಂತ್ರದ ತಳ ಮುಚ್ಚಿ, ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದೆ.

"ಕುಮುದ, ಆ ಹಳೇ ಬಾಚಣಿಗೆ ಎಲ್ಲಿ?"

"ಯಾವುದು?"

"ಮನೇಗೆ ಅಂತ ತಗೊಂಡಿದ್ದು ಕಣೇ."

ಅವಳು ಟ್ರಂಕಿನ ಮುಂದೆ ಕೂತು, ಸೀರೆಗಳ ಕೆಳಗಿಂದ, ತಾಯಿಯ ಹಳೆಯ ಚೀಲದಿಂದ ಅದನ್ನು ತೆಗೆದಳು. ಕಂದು ಬಣ್ಣದ ಸಾದಾ ಬಾಚಣಿಗೆ, ಹನ್ನೆರಡು ವರ್ಷವಾದರೂ ಒಂದು ಹಲ್ಲೂ ಮುರಿದಿರಲಿಲ್ಲ. ಎಲ್ಲಿ ಮುರಿಯಬೇಕು, ಬಳಸಿದ್ದರೆ ತಾನೆ? ಅವಳು ಜಡೆ ಬಿಚ್ಚಿದಳು. ಅರ್ಧ ನರೆತ ಕೂದಲು ಬೆನ್ನಿನ ಮೇಲೆ ಇಳಿಯಿತು. ಬಾಚಣಿಗೆಯನ್ನು ನೆತ್ತಿಗಿಟ್ಟು ಕಣ್ಣು ಮುಚ್ಚಿ ಎಳೆದಳು.

ನೆತ್ತಿಯಿಂದ ತುದಿಯವರೆಗೆ ಅದು ಒಂದೇ ಸಲಕ್ಕೆ ಇಳಿಯಿತು.

ಇನ್ನೊಮ್ಮೆ ಎಳೆದಳು. ಮತ್ತೊಮ್ಮೆ. ಆಮೇಲೆ ನಿಲ್ಲಿಸಲೇ ಇಲ್ಲ. ಬಾಚುತ್ತ ಬಾಚುತ್ತ ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಜನಾರ್ದನ ಕ್ಯಾರಿಯರ್ ಪಕ್ಕಕ್ಕಿಟ್ಟು ನೆಲದ ಮೇಲೆ ಕೂತ. ಅವನಿಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡು, "ಹಾಗಾದ್ರೆ ನಾನೀಗ ನಿನ್ನ ಮನೇಗೆ ಬಂದಿದೀನಿ ಅಂತಾಯ್ತು," ಎಂದ.

"ಬಾ ಅಣ್ಣ, ಕೂತ್ಕೋ," ಎಂದಳು, ಅವನು ಆಗಲೇ ಕೂತಿದ್ದರೂ. "ಇರು, ಕಾಫಿ ಮಾಡ್ತೀನಿ." ಅರ್ಧ ಎದ್ದವಳು ಹಾಗೇ ನಿಂತಳು. ಮತ್ತೆ ಕೂತಳು. "ಪುಡಿ ಆ ಡಬ್ಬೀಲಿದೆ ಅಣ್ಣ. ಮೂರು ಲೋಟ ಮಾಡು. ನನಗೆ ಸಕ್ಕರೆ ಕಮ್ಮಿ."

ಜನಾರ್ದನ ಎದ್ದು ಒಲೆ ಹಚ್ಚಿದ. ನಾನು ಲ್ಯಾಪ್‌ಟಾಪಿನ ಕಡೆ ಕೈ ಚಾಚಿದ್ದನ್ನು ಕಂಡು ಕುಮುದ ಬಾಚಣಿಗೆಯಿಂದಲೇ ಬೇಡವೆಂದು ಸನ್ನೆ ಮಾಡಿದಳು.

"ಬಿಡಿ ಅಂಬುಜಕ್ಕ, ಹಾಗೇ ಇರ್ಲಿ. ಬೆಳಗ್ಗೆ ಆರಕ್ಕೇ ಪ್ರೆಸ್ಸಿಗೆ ಹೋಗಿ ಮುಗಿಸ್ತೀನಿ."

ನನ್ನ ಅಂಗಡಿಯ ಯಂತ್ರವೊಂದನ್ನು ಹೊತ್ತಿಸದೆ ಎದ್ದುಬಂದದ್ದು ಅದೊಂದೇ ಸಲ.